ಸುತ್ತೋಲೆಗಳ ಹಿಂದಿನ ಇತಿಹಾಸ



ಈ ಸಭೆಯಲ್ಲಿ ಗ್ರೂಪ್ ಹೋಮ್‌ಗಳಲ್ಲಿ ರಾತ್ರಿ ಪಾಳಿ ಮಾಡುವವರಿದ್ದೀರಿ. ನರ್ಸ್‌ಗಳಿದ್ದೀರಿ, ಆಪ್ತಸಮಾಲೋಚಕರಿದ್ದೀರಿ, ಬಿಲ್ಲಿಂಗ್ ವಿಭಾಗದಲ್ಲಿ ಕ್ಲೇಮುಗಳನ್ನು ತಿದ್ದುವವರಿದ್ದೀರಿ. ರಾಜ್ಯ ಸರ್ಕಾರಗಳ ಮೆಡಿಕೇಡ್ ಗಣಕ ವ್ಯವಸ್ಥೆಗೆ ಪ್ರೋಗ್ರಾಂ ಬರೆಯುವವರಂತೂ ನಮ್ಮಲ್ಲಿ ಬಹಳ ಮಂದಿ. ವಿಶೇಷ ಅಗತ್ಯವುಳ್ಳ ಮಗುವಿನ ತಂದೆತಾಯಿಯಾಗಿ ಈ ವ್ಯವಸ್ಥೆಯ ಇನ್ನೊಂದು ಬದಿಯಲ್ಲಿ ನಿಂತವರೂ ಇದ್ದೀರಿ. ನಿಮ್ಮೆಲ್ಲರ ಕೈಗೂ ನೇರವಾಗಿಯೋ ಬಳಸಿಕೊಂಡೋ ಬರುವ ಒಂದು ಕಾಗದವಿದೆ. ಅದರ ತಲೆಬರಹ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಸೇವಾದಾತರ ಗಮನಕ್ಕೆ. ಒಂದನೇ ತಾರೀಖಿನಿಂದ ಈ ಕೋಡು ಬದಲಾಗಿದೆ, ನೋಂದಣಿಯನ್ನು ನವೀಕರಿಸಿ, ಭೇಟಿಯ ಆರಂಭ ಮತ್ತು ಮುಕ್ತಾಯದ ಸಮಯ ದಾಖಲಾಗದಿದ್ದರೆ ಹಣ ಪಾವತಿ ಇಲ್ಲ. ನಾವು ಓದುತ್ತೇವೆ, ನಿಟ್ಟುಸಿರು ಬಿಡುತ್ತೇವೆ, ಮುಂದಿನವರಿಗೆ ಕಳಿಸುತ್ತೇವೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕಾಗದದ ಇತಿಹಾಸದ ಬಗ್ಗೆ. ಸಾರ್ವಜನಿಕ ಹಣದಲ್ಲಿ ನಡೆಯುವ ಮಾನಸಿಕ ಆರೋಗ್ಯ, ವ್ಯಸನ ಚಿಕಿತ್ಸೆ ಮತ್ತು ಅಂಗವಿಕಲ ಸೇವೆಗಳಲ್ಲಿ ಒಂದೊಂದು ನಿಯಮಕ್ಕೂ ಒಂದು ಹುಟ್ಟಿದ ಊರಿದೆ. ಕೆಲವು ನಿಯಮಗಳ ಹಿಂದೆ ಒಂದು ಆಸ್ಪತ್ರೆಯ ಕತ್ತಲೆ ಇದೆ, ಕೆಲವುದರ ಹಿಂದೆ ಒಂದು ಮಗು, ಇನ್ನು ಕೆಲವುದರ ಹಿಂದೆ ಒಂದು ದೊಡ್ಡ ಮೋಸ. ಇದು ಗೊತ್ತಿದ್ದರೆ ಯಾವ ನಿಯಮವನ್ನು ಗೌರವಿಸಬೇಕು, ಯಾವುದನ್ನು ಪ್ರಶ್ನಿಸಬೇಕು ಎಂದು ತಿಳಿಯುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲವೂ ಒಂದೇ ರೀತಿಯ ಕಿರಿಕಿರಿಯಾಗಿ ಕಾಣುತ್ತದೆ.

ಯಾರ ಜವಾಬ್ದಾರಿ?

ಮೊದಲ ಪ್ರಶ್ನೆ ಬಹಳ ಹಳೆಯದು. 1843ರಲ್ಲಿ ಡೊರೊಥಿಯಾ ಡಿಕ್ಸ್ ಎಂಬ ಶಾಲಾಶಿಕ್ಷಕಿ ಮಸಾಚುಸೆಟ್ಸ್ ಶಾಸನಸಭೆಗೆ ಒಂದು ಮನವಿ ಸಲ್ಲಿಸಿದರು. ಜೈಲುಗಳಲ್ಲಿ, ಬಡವರ ಆಶ್ರಯಗೃಹಗಳಲ್ಲಿ, ಕೊಟ್ಟಿಗೆಯಂಥ ಕೋಣೆಗಳಲ್ಲಿ ಮಾನಸಿಕ ರೋಗಿಗಳನ್ನು ಸರಪಳಿ ಹಾಕಿ ಇಟ್ಟಿದ್ದನ್ನು ಅವರು ಊರೂರು ತಿರುಗಿ ಕಣ್ಣಾರೆ ಕಂಡು ಬರೆದಿದ್ದರು. ಮುಂದೆ ಅವರ ಹೋರಾಟದಿಂದ ರಾಜ್ಯ ರಾಜ್ಯಗಳಲ್ಲಿ ಸರ್ಕಾರಿ ಆಸ್ಪತ್ರೆಗಳು ಎದ್ದವು. ಕೇಂದ್ರ ಸರ್ಕಾರವೂ ಕೈಜೋಡಿಸಲಿ ಎಂದು ಅವರು ಕಾಂಗ್ರೆಸ್ಸಿನ ಬಾಗಿಲು ತಟ್ಟಿದರು. ಒಂದು ಕೋಟಿ ಎಕರೆಗೂ ಹೆಚ್ಚು ಸರ್ಕಾರಿ ಭೂಮಿಯನ್ನು ಇದಕ್ಕಾಗಿ ಮೀಸಲಿಡುವ ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. 1854ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದನ್ನು ತಡೆಹಿಡಿದರು. ದಾನಧರ್ಮ ಕೇಂದ್ರ ಸರ್ಕಾರದ ಕೆಲಸವಲ್ಲ, ಅದು ರಾಜ್ಯಗಳಿಗೆ ಸೇರಿದ್ದು ಎಂಬುದು ಅವರ ವಾದ.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ ನೂರು ವರ್ಷ ಅಮೆರಿಕದಲ್ಲಿ ಮಾನಸಿಕ ರೋಗಿ ಎಂದರೆ ರಾಜ್ಯದ ಹೊಣೆ, ರಾಜ್ಯದ ಆಸ್ಪತ್ರೆ. ಹಾಸಿಗೆಗಳು ಹೆಚ್ಚುತ್ತ ಹೋದವು, ಆರೈಕೆ ಕಡಿಮೆಯಾಗುತ್ತ ಹೋಯಿತು. 1955ರಲ್ಲಿ ಈ ದೇಶದ ರಾಜ್ಯ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ಮಂದಿ ಇದ್ದರು. ಅದೇ ಹೊತ್ತಿಗೆ ಕ್ಲೋರ್‌ಪ್ರೊಮಜೀನ್ ಎಂಬ ಹೊಸ ಔಷಧ ಬಂದಿತ್ತು. ಜನರನ್ನು ಮನೆಗೆ ಕಳಿಸಬಹುದೆಂಬ ಆಸೆ ಮೊದಲ ಬಾರಿ ಮೂಡಿತು.

1963ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿ ಮಾನಸಿಕ ಕಾಯಿಲೆ ಮತ್ತು ಬುದ್ಧಿಮಾಂದ್ಯತೆಯ ಬಗ್ಗೆಯೇ ಕಾಂಗ್ರೆಸ್ಸಿಗೆ ಒಂದು ಪ್ರತ್ಯೇಕ ಸಂದೇಶ ಕಳಿಸಿದರು. ಅವರ ತಂಗಿ ರೋಸ್‌ಮೇರಿಗೆ 1941ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿ, ಆಕೆ ಬದುಕಿಡೀ ಪರಾವಲಂಬಿಯಾದದ್ದು ಆ ಮನೆಯ ನೋವು. ಅಕ್ಟೋಬರ್ 31ರಂದು ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯಿದೆಗೆ ಸಹಿ ಹಾಕಿದರು. ದೇಶದಾದ್ಯಂತ ಸುಮಾರು 1,500 ಸಮುದಾಯ ಕೇಂದ್ರಗಳನ್ನು ಕಟ್ಟುವ ಕನಸು ಅದು. ಕೊನೆಗೆ ಕಟ್ಟಿದ್ದು ಅದರ ಅರ್ಧದಷ್ಟು. ಆದರೆ ಆಸ್ಪತ್ರೆಗಳು ಮಾತ್ರ ಖಾಲಿಯಾಗುತ್ತಲೇ ಹೋದವು. 1980ರ ಹೊತ್ತಿಗೆ ಒಳಗಿದ್ದವರ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಹೊರಬಂದವರಲ್ಲಿ ಎಷ್ಟೋ ಮಂದಿಗೆ ಹೊರಗೆ ಏನೂ ಕಾದಿರಲಿಲ್ಲ.

ಹದಿನಾರು ಹಾಸಿಗೆಯ ಗುಟ್ಟು

1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಅವರು ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ಹಿರಿಯ ಟ್ರೂಮನ್ ಅವರ ಎದುರಿನಲ್ಲಿ ಮೆಡಿಕೇರ್ ಮತ್ತು ಮೆಡಿಕೇಡ್ ಕಾನೂನಿಗೆ ಸಹಿ ಮಾಡಿದರು. ನಮ್ಮ ಸುತ್ತೋಲೆಗಳ ನಿಜವಾದ ತಾಯಿ ಈ ಮೆಡಿಕೇಡ್. ಕೇಂದ್ರ ಮತ್ತು ರಾಜ್ಯ ಎರಡೂ ಹಣ ಹಾಕುವ, ನಿಯಮಗಳನ್ನು ಎರಡೂ ಬರೆಯುವ ವ್ಯವಸ್ಥೆ ಅದು. ಇಬ್ಬರು ಯಜಮಾನರಿರುವ ಮನೆಯಲ್ಲಿ ಕೆಲಸದವರಿಗೆ ಎಷ್ಟು ಆದೇಶ ಬರುತ್ತದೆಂದು ನಿಮಗೇ ಗೊತ್ತು.

ಆ ಕಾನೂನಿನಲ್ಲೇ ಒಂದು ಸಣ್ಣ ಷರತ್ತಿತ್ತು. ಮಾನಸಿಕ ಕಾಯಿಲೆಗಳಿಗೆಂದೇ ಇರುವ ಸಂಸ್ಥೆಗಳಲ್ಲಿ ದಾಖಲಾದ ದುಡಿಯುವ ವಯಸ್ಸಿನವರಿಗೆ ಕೇಂದ್ರದ ಹಣ ಸಿಗುವುದಿಲ್ಲ. ಆ ಖರ್ಚು ಮೊದಲಿನಿಂದಲೂ ರಾಜ್ಯಗಳದ್ದು, ಅದನ್ನು ನಾವೇಕೆ ಹೊರಬೇಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಪಿಯರ್ಸ್ ಅವರ 1854ರ ವಾದದ ನೆರಳು ಅಲ್ಲೂ ಕಾಣುತ್ತದೆ. ಇವತ್ತು 21ರಿಂದ 64 ವರ್ಷದವರಿಗೆ ಈ ನಿರ್ಬಂಧ ಇದೆ. 1988ರಲ್ಲಿ ಇದಕ್ಕೆ ಒಂದು ಗಡಿ ಹಾಕಿದರು: 16ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಮಾತ್ರ ಅದು ಅಂಥ ಸಂಸ್ಥೆ. ನಿಮ್ಮಲ್ಲಿ ವಸತಿ ಚಿಕಿತ್ಸಾ ಕೇಂದ್ರಗಳಲ್ಲಿ ಕೆಲಸ ಮಾಡುವವರು ಒಮ್ಮೆ ಎಣಿಸಿ ನೋಡಿ. ಎಷ್ಟೋ ಕೇಂದ್ರಗಳಲ್ಲಿ ಸರಿಯಾಗಿ 16 ಹಾಸಿಗೆಗಳೇ ಇರುತ್ತವೆ. ಅದನ್ನು ತೀರ್ಮಾನಿಸಿದ್ದು ವೈದ್ಯರಲ್ಲ, ವಾಸ್ತುಶಿಲ್ಪಿಯೂ ಅಲ್ಲ, ಈ ಒಂದು ಸಾಲು. ಇತ್ತೀಚಿನ ವರ್ಷಗಳಲ್ಲಿ ಹಲವು ರಾಜ್ಯಗಳು ವಿಶೇಷ ಅನುಮತಿ ಪಡೆದು ಇದನ್ನು ಸಡಿಲಿಸಿಕೊಂಡಿವೆ, ಆದರೆ ಮೂಲ ನಿಯಮ ಹಾಗೇ ಇದೆ.

ಎಂಟು ಮಂದಿಗೆ ಒಂದು ಶೌಚಾಲಯ

ಸಿಬ್ಬಂದಿ ಪ್ರಮಾಣ, ವೈಯಕ್ತಿಕ ಚಿಕಿತ್ಸಾ ಯೋಜನೆ, ಕೋಣೆಯ ಅಳತೆ ಇವೆಲ್ಲ ಎಲ್ಲಿಂದ ಬಂದವು? ಅದಕ್ಕೆ ಅಲಬಾಮಾಗೆ ಹೋಗಬೇಕು. 1970ರಲ್ಲಿ ಆ ರಾಜ್ಯದಲ್ಲಿ ಮಾನಸಿಕ ಆರೋಗ್ಯಕ್ಕೆ ಮೀಸಲಾಗಿದ್ದ ಸಿಗರೇಟು ತೆರಿಗೆಯ ಆದಾಯ ಕಡಿತವಾಯಿತು. ಟಸ್ಕಲೂಸಾದ ಬ್ರೈಸ್ ಆಸ್ಪತ್ರೆಯಲ್ಲಿ ಸುಮಾರು ನೂರು ನೌಕರರನ್ನು ತೆಗೆದುಹಾಕಿದರು. ಆಸ್ಪತ್ರೆಯಲ್ಲಿ ಆಗ ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ನೌಕರರು ಕೋರ್ಟಿಗೆ ಹೋದರು. ಅವರ ಜೊತೆಗೆ ರಿಕಿ ವ್ಯಾಟ್ ಎಂಬ ಹದಿಹರೆಯದ ರೋಗಿಯ ಹೆಸರಿನಲ್ಲೂ ದಾವೆ ಹೂಡಲಾಯಿತು. ನೌಕರಿಯ ಪ್ರಶ್ನೆಯಾಗಿ ಶುರುವಾದ ಮೊಕದ್ದಮೆ ರೋಗಿಗಳ ಹಕ್ಕಿನ ಪ್ರಶ್ನೆಯಾಗಿ ಬದಲಾಯಿತು. ಚಿಕಿತ್ಸೆಗೆಂದು ಒಬ್ಬರನ್ನು ಕೂಡಿಹಾಕಿ, ಚಿಕಿತ್ಸೆಯನ್ನೇ ಕೊಡದಿದ್ದರೆ ಅದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಧೀಶ ಫ್ರಾಂಕ್ ಜಾನ್ಸನ್ 1971ರಲ್ಲಿ ಹೇಳಿದರು.

ಮರುವರ್ಷ ಅವರು ಹೊರಡಿಸಿದ ಆದೇಶವನ್ನು ಓದಿದರೆ ಇಂದಿನ ಪರವಾನಗಿ ಕೈಪಿಡಿ ಓದಿದ ಹಾಗೆಯೇ ಅನ್ನಿಸುತ್ತದೆ. ಎಷ್ಟು ರೋಗಿಗಳಿಗೆ ಎಷ್ಟು ನರ್ಸ್‌ಗಳು, ಎಂಟು ಮಂದಿಗೆ ಒಂದು ಶೌಚಾಲಯ, ಪ್ರತಿಯೊಬ್ಬರಿಗೂ ಲಿಖಿತ ಚಿಕಿತ್ಸಾ ಯೋಜನೆ. ನ್ಯಾಯಾಧೀಶರೊಬ್ಬರು ಶೌಚಾಲಯಗಳನ್ನು ಎಣಿಸಬೇಕಾಗಿ ಬಂದದ್ದು ಏಕೆಂದರೆ, ಅವನ್ನು ಎಣಿಸಬೇಕಾಗಿದ್ದವರು ಎಣಿಸಿರಲಿಲ್ಲ. ಆ ಮೊಕದ್ದಮೆ ಮುಗಿದದ್ದು 2003ರಲ್ಲಿ.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ವಿಲೋಬ್ರೂಕ್ ಎಂಬ ಸರ್ಕಾರಿ ಶಾಲೆ ಇತ್ತು. ಶಾಲೆ ಎನ್ನುವುದು ಹೆಸರಿಗಷ್ಟೇ. ಸುಮಾರು ನಾಲ್ಕು ಸಾವಿರ ಮಂದಿಗೆಂದು ಕಟ್ಟಿದ ಜಾಗದಲ್ಲಿ ಆರು ಸಾವಿರಕ್ಕೂ ಹೆಚ್ಚು ಬುದ್ಧಿಮಾಂದ್ಯ ಮಕ್ಕಳು ಮತ್ತು ದೊಡ್ಡವರನ್ನು ತುಂಬಿದ್ದರು. 1965ರಲ್ಲೇ ರಾಬರ್ಟ್ ಕೆನಡಿ ಅಲ್ಲಿಗೆ ಹೋಗಿ ಕಂಡದ್ದನ್ನು ಬಹಿರಂಗವಾಗಿ ಖಂಡಿಸಿದ್ದರು. 1972ರಲ್ಲಿ ಹೆರಾಲ್ಡೊ ರಿವೇರಾ ಎಂಬ ಯುವ ಪತ್ರಕರ್ತ ಕ್ಯಾಮರಾ ಹಿಡಿದು ಒಳಹೊಕ್ಕಾಗ ಇಡೀ ದೇಶ ಆ ಕತ್ತಲೆ ಕೋಣೆಗಳನ್ನೂ ಬಟ್ಟೆಯಿಲ್ಲದ ಮಕ್ಕಳನ್ನೂ ಟಿವಿಯಲ್ಲಿ ನೋಡಿತು. 1975ರಲ್ಲಿ ಕೋರ್ಟಿನ ಒಪ್ಪಂದವಾಯಿತು, 1987ರಲ್ಲಿ ವಿಲೋಬ್ರೂಕ್ ಮುಚ್ಚಿತು. ಗ್ರೂಪ್ ಹೋಮ್‌ಗಳಿಗೆ ಯಾವ ಸೂಚನೆಯೂ ಇಲ್ಲದೆ ತಪಾಸಣೆಗೆ ಬರುವ ಅಧಿಕಾರಿಯನ್ನು ಕಂಡಾಗ ನಮಗೆ ಬೇಸರವಾಗುವುದು ಸಹಜ. ಆದರೆ ಯಾರೂ ಹಾಗೆ ಬಾರದ ಕಾಲದಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ವಿಲೋಬ್ರೂಕ್ ಸಾಕ್ಷಿ.

ದೇವರು ಕೊಟ್ಟರೂ ಪೂಜಾರಿ ಕೊಡ

ಕಾನೂನು ಬೇರೆ, ನಿಯಮ ಬೇರೆ. ಈ ವ್ಯತ್ಯಾಸಕ್ಕೆ ನಮ್ಮ ಭಾಷೆಯಲ್ಲಿ ಮೇಲಿನ ಗಾದೆಗಿಂತ ಒಳ್ಳೆಯ ವಿವರಣೆ ಇಲ್ಲ. 1973ರ ಪುನರ್ವಸತಿ ಕಾಯಿದೆಯ 504ನೇ ಸೆಕ್ಷನ್ ಒಂದೇ ವಾಕ್ಯದಲ್ಲಿ ದೊಡ್ಡ ಮಾತು ಹೇಳಿತ್ತು. ಕೇಂದ್ರದ ಹಣ ಪಡೆಯುವ ಯಾವ ಕಾರ್ಯಕ್ರಮವೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಆದರೆ ಹೊರಗಿಡುವುದು ಎಂದರೇನು, ರ್‍ಯಾಂಪ್ ಇಲ್ಲದ ಕಟ್ಟಡ ಅದರಲ್ಲಿ ಬರುತ್ತದೆಯೇ, ಯಾರು ದೂರು ಕೊಡಬೇಕು, ಯಾರು ವಿಚಾರಿಸಬೇಕು ಎಂಬ ನಿಯಮಾವಳಿ ಬರಬೇಕಿತ್ತು. ಮೂರೂವರೆ ವರ್ಷ ಕಳೆದರೂ ಬರಲಿಲ್ಲ. ಸರ್ಕಾರಗಳು ಬದಲಾದವು, ಕಡತ ಮಾತ್ರ ಮೇಜಿನ ಮೇಲೇ ಇತ್ತು.

1977ರ ಏಪ್ರಿಲ್ 5ರಂದು ಹಲವು ನಗರಗಳಲ್ಲಿ ಅಂಗವಿಕಲರು ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಕಚೇರಿಗಳಿಗೆ ನುಗ್ಗಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೂಡಿ ಹ್ಯೂಮನ್, ಕಿಟ್ಟಿ ಕೋನ್ ಮುಂತಾದವರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಮಂದಿ ಕಚೇರಿಯಲ್ಲೇ ಉಳಿದರು. ಗಾಲಿಕುರ್ಚಿಯವರು, ಕುರುಡರು, ಕಿವುಡರು, ದಿನದಿನದ ಔಷಧ ಮತ್ತು ಸಹಾಯಕರಿಲ್ಲದೆ ಬದುಕಲಾಗದವರು ಮೂರು ವಾರಕ್ಕೂ ಹೆಚ್ಚು ಕಾಲ ನೆಲದ ಮೇಲೆ ಮಲಗಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿ ಊಟ ತಂದುಕೊಟ್ಟರು. ಏಪ್ರಿಲ್ 28ರಂದು ಇಲಾಖೆಯ ಕಾರ್ಯದರ್ಶಿ ಜೋಸೆಫ್ ಕ್ಯಾಲಿಫಾನೊ ಸಹಿ ಹಾಕಿದರು.

ಅವರು ಕೇಳಿದ್ದು ಹೊಸ ಕಾನೂನಲ್ಲ ಎಂಬುದನ್ನು ಗಮನಿಸಿ. ಇದ್ದ ಕಾನೂನಿಗೆ ಒಂದು ನಿಯಮಾವಳಿ, ಅಂದರೆ ನಾವು ಓದಲು ಬೇಸರಪಡುವ ಅದೇ ಬಗೆಯ ಕಾಗದ. ಅದಿಲ್ಲದೆ ಹಕ್ಕು ಕೈಗೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮನೆಗೆ ಬಂದ ಮಗು

ಈಗ ವೇವರ್ ಎಂಬ ಪದಕ್ಕೆ ಬರೋಣ. ನಮ್ಮ ಎಷ್ಟೋ ಕುಟುಂಬಗಳಿಗೆ ಇದು ಬಹಳ ಮುಖ್ಯವಾದ ಪದ. ಮೆಡಿಕೇಡ್ ಮೊದಲಿನಿಂದಲೂ ಸಂಸ್ಥೆಗಳ ಕಡೆಗೆ ವಾಲಿತ್ತು. ನರ್ಸಿಂಗ್ ಹೋಮಿಗೆ ಹಣ ಸಿಗುತ್ತಿತ್ತು, ಮನೆಯಲ್ಲಿ ಆರೈಕೆಗೆ ಸಿಗುತ್ತಿದ್ದುದು ಕಡಿಮೆ. 1981ರ ಆಗಸ್ಟಿನಲ್ಲಿ ರೇಗನ್ ಸರ್ಕಾರದ ದೊಡ್ಡ ಬಜೆಟ್ ಕಾಯಿದೆ ಬಂತು. ಅದು ಒಂದು ಕೈಯಿಂದ, ಕಾರ್ಟರ್ ಅವರು ಹಿಂದಿನ ವರ್ಷವಷ್ಟೇ ಸಹಿ ಹಾಕಿದ್ದ ಮಾನಸಿಕ ಆರೋಗ್ಯ ವ್ಯವಸ್ಥೆ ಕಾಯಿದೆಯ ಬಹುಭಾಗವನ್ನು ತೆಗೆದುಹಾಕಿ, ಹಣವನ್ನು ಕಡಿತಗೊಳಿಸಿ ಇಡಿಗಂಟಾಗಿ ರಾಜ್ಯಗಳಿಗೆ ಒಪ್ಪಿಸಿತು. ಇನ್ನೊಂದು ಕೈಯಿಂದ 1915 ಸಿ ಎಂಬ ಸೆಕ್ಷನ್ ಕೊಟ್ಟಿತು. ಸಂಸ್ಥೆಗೆ ಸೇರಬೇಕಾದಷ್ಟು ಅಗತ್ಯವಿರುವವರಿಗೆ ಮನೆಯಲ್ಲೇ ಸೇವೆ ಕೊಡಲು, ಸಾಮಾನ್ಯ ನಿಯಮಗಳಿಂದ ರಾಜ್ಯಕ್ಕೆ ವಿನಾಯಿತಿ. ವೇವರ್ ಎಂಬ ಹೆಸರು ಬಂದದ್ದು ಹೀಗೆ.

ಅದೇ ವರ್ಷ ನವೆಂಬರ್ 10ರಂದು ರೇಗನ್ ಪತ್ರಿಕಾಗೋಷ್ಠಿಯಲ್ಲಿ ಐಯೊವಾ ರಾಜ್ಯದ ಒಂದು ಪುಟ್ಟ ಹುಡುಗಿಯ ಕಥೆ ಹೇಳಿದರು. ಆಕೆ ಕೇಟಿ ಬೆಕೆಟ್. ಕೆಲವೇ ತಿಂಗಳ ಕೂಸಾಗಿದ್ದಾಗ ಮಿದುಳುರಿಯೂತಕ್ಕೆ ತುತ್ತಾಗಿ ಉಸಿರಾಟದ ಯಂತ್ರದ ಮೇಲೆ ಆಸ್ಪತ್ರೆಯಲ್ಲೇ ಬೆಳೆಯುತ್ತಿದ್ದಳು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಮೆಡಿಕೇಡ್ ಸಿಗುತ್ತಿತ್ತು. ಮನೆಗೆ ಹೋದರೆ ತಂದೆತಾಯಿಯ ಆದಾಯ ಲೆಕ್ಕಕ್ಕೆ ಬಂದು ನೆರವು ನಿಲ್ಲುತ್ತಿತ್ತು. ಮನೆಯ ಆರೈಕೆಯ ಖರ್ಚು ಆಸ್ಪತ್ರೆಯ ಖರ್ಚಿನ ಒಂದು ಸಣ್ಣ ಪಾಲು ಮಾತ್ರ. ಆದರೂ ನಿಯಮ ಅವಳನ್ನು ಆಸ್ಪತ್ರೆಯಲ್ಲೇ ಹಿಡಿದಿಟ್ಟಿತ್ತು. ವಿಶೇಷ ಅನುಮತಿ ಸಿಕ್ಕಿ ಕೆಲವೇ ವಾರಗಳಲ್ಲಿ ಕೇಟಿ ಮನೆಗೆ ಬಂದಳು. ಮುಂದಿನ ವರ್ಷ ಇಂಥ ಮಕ್ಕಳಿಗಾಗಿ ಕಾನೂನಿನಲ್ಲೇ ದಾರಿ ಮಾಡಲಾಯಿತು. ಕೇಟಿ ಬೆಳೆದು ದೊಡ್ಡವಳಾಗಿ, ಅಂಗವಿಕಲರ ಪರವಾಗಿ ದುಡಿದು, 2012ರಲ್ಲಿ ತೀರಿಕೊಂಡಳು.

1990ರಲ್ಲಿ ಅಮೆರಿಕನ್ ಅಂಗವಿಕಲರ ಕಾಯಿದೆ ಬಂತು. 1999ರ ಜೂನ್ 22ರಂದು ಸುಪ್ರೀಂ ಕೋರ್ಟ್ ಓಲ್ಮ್‌ಸ್ಟೆಡ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಜಾರ್ಜಿಯಾದ ಲೋಯಿಸ್ ಕರ್ಟಿಸ್ ಮತ್ತು ಇಲೇನ್ ವಿಲ್ಸನ್ ಎಂಬ ಇಬ್ಬರು ಮಹಿಳೆಯರು ಸಮುದಾಯದಲ್ಲಿ ಬದುಕಬಲ್ಲರು ಎಂದು ವೈದ್ಯರೇ ಹೇಳಿದ್ದರೂ ಅವರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಅಗತ್ಯವಿಲ್ಲದೆ ಹಾಗೆ ಪ್ರತ್ಯೇಕಿಸಿ ಇಡುವುದೇ ತಾರತಮ್ಯ ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದರು. 2014ರ ವಸತಿ ನಿಯಮ ಈ ತೀರ್ಪಿನ ಹಾದಿಯಲ್ಲೇ ಬಂದದ್ದು. ಗ್ರೂಪ್ ಹೋಮಿನಲ್ಲಿರುವವರ ಕೋಣೆಗೆ ಒಳಗಿನಿಂದ ಬೀಗ ಇರಬೇಕು, ಯಾವಾಗ ಬೇಕಾದರೂ ತಿನ್ನಲು ಆಹಾರ ಸಿಗಬೇಕು, ಅತಿಥಿಗಳು ಬರಬಹುದು, ಕೋಣೆಯ ಜೊತೆಗಾರರನ್ನು ಆರಿಸಿಕೊಳ್ಳಬಹುದು. ರಾಜ್ಯಗಳು ಸಮಯ ಕೇಳುತ್ತಾ ಹೋಗಿ ಅಂತಿಮ ಗಡುವು 2023ರ ಮಾರ್ಚ್ 17ಕ್ಕೆ ಬಂದು ನಿಂತಿತು. ಬಾಗಿಲಿಗೆ ಬೀಗ ಹಾಕಿಸಿ ಎಂದು ಬಂದ ಸುತ್ತೋಲೆಯನ್ನು ನಿಮ್ಮಲ್ಲಿ ಕೆಲವರು ಆಗ ಓದಿರುತ್ತೀರಿ. ಅದರ ಹಿಂದೆ ಲೋಯಿಸ್ ಮತ್ತು ಇಲೇನ್ ಇದ್ದರು.

ಅಂಕಿಯೂ ಗಡಿಯಾರವೂ

ಸೇವೆ ದೊಡ್ಡ ಆಸ್ಪತ್ರೆಯಿಂದ ಸಾವಿರಾರು ಮನೆಗಳಿಗೆ ಹರಡಿದಾಗ ಹೊಸ ಪ್ರಶ್ನೆ ಹುಟ್ಟಿತು. ಮುಚ್ಚಿದ ಮನೆಬಾಗಿಲಿನ ಹಿಂದೆ ಸೇವೆ ನಿಜವಾಗಿ ನಡೆಯಿತೇ ಎಂದು ತಿಳಿಯುವುದು ಹೇಗೆ? ಅದಕ್ಕೆ ಉತ್ತರವಾಗಿ ಬಂದದ್ದು ಅಂಕಿಗಳು.

ಮೊದಲು ಪ್ರತಿ ರಾಜ್ಯವೂ ತನ್ನದೇ ಸ್ಥಳೀಯ ಕೋಡುಗಳನ್ನು ಬಳಸುತ್ತಿತ್ತು. 1996ರ ಹಿಪ್ಪಾ ಕಾಯಿದೆ ಎಲ್ಲರೂ ಒಂದೇ ಭಾಷೆಯಲ್ಲಿ ಕ್ಲೇಮು ಕಳಿಸಬೇಕೆಂದಿತು. 2003ರ ಅಕ್ಟೋಬರಿನಿಂದ ಅದು ಜಾರಿಗೆ ಬಂತು. ಎಚ್ ಮತ್ತು ಟಿ ಅಕ್ಷರದಿಂದ ಶುರುವಾಗುವ ಕೋಡುಗಳು ಬಹುಮಟ್ಟಿಗೆ ಮೆಡಿಕೇಡಿನ ಇಂಥ ಸೇವೆಗಳಿಗೆಂದೇ ರೂಪುಗೊಂಡವು. ವೈಯಕ್ತಿಕ ಆರೈಕೆಗೆ ಟಿ1019, ಅದರ ಒಂದು ಘಟಕ 15 ನಿಮಿಷ. ಒಬ್ಬ ಮುದುಕರಿಗೆ ಸ್ನಾನ ಮಾಡಿಸಿ, ಊಟ ಬಡಿಸಿ, ಮಾತಾಡಿಸುವ ಬೆಳಗು ಮೂರೋ ನಾಲ್ಕೋ ಘಟಕವಾಗುತ್ತದೆ. 2007ರ ಮೇ ತಿಂಗಳಿಂದ ಸೇವಾದಾತರಿಗೆ ಹತ್ತು ಅಂಕಿಯ ಎನ್‌ಪಿಐ ಬಂತು. 2015ರ ಅಕ್ಟೋಬರ್ 1ರಂದು ರೋಗನಿರ್ಣಯದ ಕೋಡುಗಳು ಐಸಿಡಿ 10ಕ್ಕೆ ಬದಲಾದವು. ಆ ಬದಲಾವಣೆಯ ಹಿಂದಿನ ತಿಂಗಳುಗಳಲ್ಲಿ ರಾತ್ರಿಯೆಲ್ಲ ಟೆಸ್ಟಿಂಗ್ ಮಾಡಿದ ಕನ್ನಡಿಗರು ಈ ಸಭೆಯಲ್ಲೇ ಇರಬಹುದು.

ಕೊನೆಗೆ ಗಡಿಯಾರ. 2016ರ ಡಿಸೆಂಬರಿನ ಕ್ಯೂರ್ಸ್ ಕಾಯಿದೆ ಮನೆಭೇಟಿಗಳನ್ನು ವಿದ್ಯುನ್ಮಾನವಾಗಿ ದಾಖಲಿಸಬೇಕೆಂದಿತು. ಇದೇ ಇವಿವಿ. ಆರು ಸಂಗತಿಗಳು ಬೇಕು: ಯಾವ ಸೇವೆ, ಯಾರಿಗೆ, ಯಾವ ದಿನ, ಎಲ್ಲಿ, ಯಾರು ಕೊಟ್ಟರು, ಎಷ್ಟು ಹೊತ್ತಿಗೆ ಶುರು ಎಷ್ಟು ಹೊತ್ತಿಗೆ ಮುಗಿಯಿತು. ವೈಯಕ್ತಿಕ ಆರೈಕೆಗೆ 2019ರ ಗಡುವು ಒಂದು ವರ್ಷ ಮುಂದಕ್ಕೆ ಹೋಗಿ 2020 ಆಯಿತು, ಮನೆಯಲ್ಲಿ ಕೊಡುವ ಆರೋಗ್ಯ ಸೇವೆಗೆ 2023. ಅಂಗವಿಕಲ ಸಂಘಟನೆಗಳು ಇದನ್ನು ಬಲವಾಗಿ ವಿರೋಧಿಸಿದವು. ನನ್ನ ಆರೈಕೆಗಾರರ ಫೋನು ನಾನು ಎಲ್ಲಿದ್ದೇನೆಂದು ಸರ್ಕಾರಕ್ಕೆ ಹೇಳುತ್ತಿದ್ದರೆ ನಾನು ನಾಗರಿಕನೋ ಕೈದಿಯೋ ಎಂದು ಅವರು ಕೇಳಿದರು. ಓಲ್ಮ್‌ಸ್ಟೆಡ್ ತೀರ್ಪು ಮನೆಯಿಂದ ಹೊರಗೆ, ಊರಿನ ನಡುವೆ ಬದುಕಿ ಎನ್ನುತ್ತದೆ. ಇವಿವಿಯೋ ಆ ಬದುಕಿನ ಮೇಲೆ ಕಣ್ಣಿಟ್ಟಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಎರಡು ನೆರೆರಾಜ್ಯಗಳ ಪಾಠ

ಬಿಗಿ ಎಷ್ಟಿರಬೇಕು, ಸಡಿಲ ಎಷ್ಟಿರಬೇಕು? ಈ ಪ್ರಶ್ನೆಗೆ ಪಕ್ಕಪಕ್ಕದ ಎರಡು ರಾಜ್ಯಗಳು ದುಬಾರಿ ಬೆಲೆ ತೆತ್ತು ಪಾಠ ಕಲಿಸಿವೆ.

2013ರ ಜೂನ್. ನ್ಯೂ ಮೆಕ್ಸಿಕೋ ರಾಜ್ಯ ಸರ್ಕಾರ ಮಾನಸಿಕ ಆರೋಗ್ಯ ಸೇವೆ ನೀಡುತ್ತಿದ್ದ 15 ಸಂಸ್ಥೆಗಳಿಗೆ ಒಮ್ಮೆಲೇ ಹಣ ನಿಲ್ಲಿಸಿತು. ಒಂದು ಲೆಕ್ಕಪರಿಶೋಧನೆ ಸುಮಾರು 36 ಮಿಲಿಯನ್ ಡಾಲರ್ ಹೆಚ್ಚುವರಿ ಪಾವತಿಯಾಗಿದೆ ಎಂದಿತ್ತು. ವಂಚನೆಯ ನಂಬಲರ್ಹ ಆರೋಪ ಇದ್ದರೆ ಪಾವತಿ ತಡೆಹಿಡಿಯಬೇಕೆಂಬ ಕೇಂದ್ರ ನಿಯಮ 2011ರಿಂದ ಬಿಗಿಯಾಗಿತ್ತು. ತಕ್ಕ ಕಾರಣವಿದ್ದರೆ ತಡೆಹಿಡಿಯದಿರಲು ಅದೇ ನಿಯಮದಲ್ಲಿ ಅವಕಾಶವೂ ಇತ್ತು. ಹೆಚ್ಚಿನ ಸಂಸ್ಥೆಗಳ ವಿಷಯದಲ್ಲಿ ಅದನ್ನು ಬಳಸಲಿಲ್ಲ. ಸಂಬಳ ಕೊಡಲಾಗದೆ ಸಂಸ್ಥೆಗಳು ಕುಸಿದವು. ಅವುಗಳ ಜಾಗಕ್ಕೆ ಅರಿಝೋನಾದಿಂದ ಐದು ಸಂಸ್ಥೆಗಳನ್ನು ಕರೆತಂದರು. ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಹೊರಟುಹೋದವು. 2016ರ ಏಪ್ರಿಲ್ ಹೊತ್ತಿಗೆ ರಾಜ್ಯದ ಅಟಾರ್ನಿ ಜನರಲ್ ತನಿಖೆ ಮುಗಿಸಿ, ಹದಿನೈದರಲ್ಲಿ ಯಾವ ಸಂಸ್ಥೆಯ ಮೇಲೂ ವಂಚನೆಯ ಮೊಕದ್ದಮೆ ಹೂಡುವಂಥದ್ದೇನೂ ಸಿಗಲಿಲ್ಲ ಎಂದರು. ಅಷ್ಟರಲ್ಲಿ ಅವುಗಳಲ್ಲಿ ಹಲವು ಬಾಗಿಲು ಹಾಕಿಯಾಗಿತ್ತು. ಇಲಿಗೆ ಹೆದರಿ ಮನೆ ಸುಟ್ಟಂತಾಯಿತು. ವರ್ಷಗಳ ಕಾಲ ಒಬ್ಬರೇ ಆಪ್ತಸಮಾಲೋಚಕರನ್ನು ನಂಬಿಕೊಂಡಿದ್ದ ರೋಗಿಗಳು ಅವರನ್ನು ಕಳೆದುಕೊಂಡರು.

ಈಗ ಅರಿಝೋನಾ. ಮೆಡಿಕೇಡಿಗೆ ಎಲ್ಲ ರಾಜ್ಯಗಳಿಗಿಂತ ಕೊನೆಗೆ, 1982ರಲ್ಲಿ, ಸೇರಿದ ರಾಜ್ಯ ಅದು. ಅಲ್ಲಿ ಮೂಲನಿವಾಸಿಗಳಿಗಾಗಿ ಇದ್ದ ನೇರ ಪಾವತಿ ಯೋಜನೆಯಲ್ಲಿ ಕೆಲವು ಕೋಡುಗಳಿಗೆ ದರದ ಮಿತಿ ಇರಲಿಲ್ಲ, ಹೊಸ ಸಂಸ್ಥೆಗಳ ನೋಂದಣಿ ಸುಲಭವಿತ್ತು. ವ್ಯಸನಮುಕ್ತಿ ಮನೆ ಎಂದು ಬೋರ್ಡು ಹಾಕಿ, ನವಾಹೋ ಮತ್ತಿತರ ಬುಡಕಟ್ಟುಗಳ ಜನರನ್ನು ದೂರದೂರಿನಿಂದ ವ್ಯಾನುಗಳಲ್ಲಿ ಫೀನಿಕ್ಸಿಗೆ ಕರೆತಂದು, ಕೊಡದ ಚಿಕಿತ್ಸೆಗೆ ಬಿಲ್ಲು ಹಾಕುವ ದಂಧೆ ಬೆಳೆಯಿತು. ಹೋದ ಹಣ ಬಿಲಿಯನ್‌ಗಟ್ಟಲೆ ಡಾಲರ್. 2023ರ ಮೇ 16ರಂದು ರಾಜ್ಯಪಾಲೆ ಕೇಟಿ ಹಾಬ್ಸ್ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಪಾವತಿ ನಿಲ್ಲಿಸಿರುವುದಾಗಿ ಪ್ರಕಟಿಸಿದರು. ಮನೆಗಳು ಮುಚ್ಚಿದಾಗ ಅಲ್ಲಿದ್ದವರು ಗೊತ್ತಿಲ್ಲದ ನಗರದ ಬೀದಿಗೆ ಬಿದ್ದರು. ತಮ್ಮವರನ್ನು ಹುಡುಕಲು ನವಾಹೋ ನೇಷನ್ ಆಪರೇಷನ್ ರೇನ್‌ಬೋ ಬ್ರಿಡ್ಜ್ ಎಂಬ ಕಾರ್ಯಾಚರಣೆಯನ್ನೇ ಶುರುಮಾಡಬೇಕಾಯಿತು. ಆ ಮೇಲೆ ಒಂದರ ಹಿಂದೊಂದು ಸುತ್ತೋಲೆ ಬಂತು: ದರದ ಮಿತಿ, ಹೊಸ ನೋಂದಣಿಗೆ ತಡೆ, ಬೆರಳಚ್ಚು, ಸ್ಥಳ ತಪಾಸಣೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಒಂದು ಕಡೆ ಬಿಗಿ ಅತಿಯಾಯಿತು, ಇನ್ನೊಂದು ಕಡೆ ಸಡಿಲ ಅತಿಯಾಯಿತು. ಎರಡೂ ಕಡೆ ನಷ್ಟ ಅನುಭವಿಸಿದವರು ಒಂದೇ ಬಗೆಯ ಜನ. ಇದನ್ನು ನಾವು ಮರೆಯಬಾರದು.

ನಮ್ಮ ಪಾಲು

ನಮ್ಮ ನಾಡಿಗೂ ಈ ಇತಿಹಾಸದಲ್ಲಿ ಒಂದು ಗೌರವದ ಜಾಗವಿದೆ. ಕೆನಡಿಯವರ ಕನಸು ಇಲ್ಲಿ ಅರ್ಧಕ್ಕೆ ನಿಂತ ಕಾಲದಲ್ಲೇ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಹಳ್ಳಿಯ ಕಡೆ ಮುಖ ಮಾಡಿದ್ದರು. 1970ರ ದಶಕದಲ್ಲಿ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದರು. 1985ರ ಹೊತ್ತಿಗೆ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಗಳನ್ನು ತಲುಪಿಸಿ, ಮನೋರೋಗಕ್ಕೆ ಊರಲ್ಲೇ ಚಿಕಿತ್ಸೆ ಕೊಡುವ ಮಾದರಿ ಕಟ್ಟಿದರು. 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಅಡಿಪಾಯ. ಅಲ್ಲಿಯೂ ಕಾಗದವಿತ್ತು: ಸರಳವಾದ ರೋಗಿ ದಾಖಲೆ ಮತ್ತು ತಿಂಗಳ ವರದಿ. ಹಳ್ಳಿಯ ಕಾರ್ಯಕರ್ತೆ ತುಂಬಬಲ್ಲಷ್ಟು ಸರಳ. ಒಳ್ಳೆಯ ಕಾಗದಪತ್ರಕ್ಕೆ ನಾನು ಕೊಡಬಲ್ಲ ಉದಾಹರಣೆ ಅದು.

ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಒಂದೆರಡು ನೇರ ಮಾತು. ಆಟಿಸಂ ಅಥವಾ ಬೇರೆ ಅಂಗವೈಕಲ್ಯ ಇರುವ ಮಗುವಿದ್ದರೆ ವೇವರ್ ಪಟ್ಟಿಗೆ ಇಂದೇ ಹೆಸರು ಬರೆಸಿ. 2024ರಲ್ಲಿ ದೇಶದಲ್ಲಿ ಈ ಕಾಯುವ ಪಟ್ಟಿಗಳಲ್ಲಿ ಏಳು ಲಕ್ಷದ ಆಸುಪಾಸು ಮಂದಿ ಇದ್ದರು. ಅನೇಕ ರಾಜ್ಯಗಳಲ್ಲಿ ಹೆಸರು ಬರೆಸಿದ ದಿನಾಂಕವೇ ಸರದಿ ತೀರ್ಮಾನಿಸುತ್ತದೆ. ನಮ್ಮ ಸಂಬಳ ಹೆಚ್ಚು, ನಮಗೆ ಸಿಗಲಾರದು ಎಂದು ಸುಮ್ಮನಿರಬೇಡಿ. ಹಲವು ವೇವರ್‌ಗಳಲ್ಲಿ ನೋಡುವುದು ಮಗುವಿನ ಆದಾಯವನ್ನು, ತಂದೆತಾಯಿಯದ್ದನ್ನಲ್ಲ. ಪ್ರಾಜೆಕ್ಟ್ ಬದಲಾಯಿತೆಂದು ರಾಜ್ಯ ಬದಲಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ವೇವರ್ ನಿಮ್ಮ ಜೊತೆ ಬರುವುದಿಲ್ಲ, ಹೊಸ ರಾಜ್ಯದಲ್ಲಿ ಸಾಲಿನ ಕೊನೆಯಿಂದ ನಿಲ್ಲಬೇಕು. 1996ರ ಕಾನೂನಿನಂತೆ ಹೆಚ್ಚಿನ ಗ್ರೀನ್ ಕಾರ್ಡ್‌ದಾರರು ಐದು ವರ್ಷ ಕಾಯಬೇಕು, ಆದರೆ ಇಲ್ಲಿ ಹುಟ್ಟಿದ ಮಗು ಪ್ರಜೆ. ಸರ್ಕಾರದ ಮೇಲೆ ಹೊರೆಯಾಗುವವರು ಎಂಬ ವಲಸೆ ನಿಯಮಕ್ಕೆ 1999ರ ಮಾರ್ಗಸೂಚಿ, 2019ರ ನಿಯಮ, 2022ರ ನಿಯಮ ಹೀಗೆ ಹಲವು ಸಲ ರೂಪ ಬದಲಾಗಿದೆ. ವಾಟ್ಸಾಪ್ ಮಾತಿಗೆ ಹೆದರಿ ಮಗುವಿನ ಹಕ್ಕು ಬಿಡುವ ಮುನ್ನ ಒಬ್ಬ ವಲಸೆ ವಕೀಲರನ್ನು ಕೇಳಿ.

ಕೆಲಸ ಮಾಡುವವರಿಗೂ ಒಂದು ಮಾತಿದೆ. ಕೋವಿಡ್ ಕಾಲದ ರಕ್ಷಣೆ 2023ರ ಮಾರ್ಚ್ 31ಕ್ಕೆ ಮುಗಿದ ಮೇಲೆ ಎರಡೂವರೆ ಕೋಟಿಗೂ ಹೆಚ್ಚು ಜನ ಮೆಡಿಕೇಡ್ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಹೊರಬಿದ್ದದ್ದು ಅರ್ಹತೆ ಇಲ್ಲವೆಂದು ತೀರ್ಮಾನವಾಗಿ ಅಲ್ಲ, ಫಾರಂ ತಲುಪದೆ, ಗಡುವು ಮೀರಿ, ವಿಳಾಸ ಬದಲಾಗಿ. 2025ರ ಜುಲೈ 4ರಂದು ಸಹಿಯಾದ ಕಾನೂನಿನಂತೆ 2027ರ ಜನವರಿಯೊಳಗೆ, ಮೆಡಿಕೇಡ್ ವಿಸ್ತರಣೆಯಡಿ ಬರುವ ವಯಸ್ಕರು ತಿಂಗಳಿಗೆ 80 ಗಂಟೆ ದುಡಿದದ್ದನ್ನು ತೋರಿಸಬೇಕು. ಗಂಭೀರ ಮಾನಸಿಕ ಕಾಯಿಲೆ, ವ್ಯಸನ, ಅಂಗವೈಕಲ್ಯ ಇರುವವರಿಗೆ ವಿನಾಯಿತಿ ಉಂಟು. ಆದರೆ ಆ ವಿನಾಯಿತಿಯನ್ನು ಯಾರೋ ಒಬ್ಬರು ಕಾಗದದಲ್ಲಿ ತೋರಿಸಿಕೊಡಬೇಕು. ಖಿನ್ನತೆಯಲ್ಲಿ ಹಾಸಿಗೆ ಬಿಟ್ಟೇಳಲಾರದವರು ತಾವಾಗಿ ಆ ಫಾರಂ ತುಂಬುತ್ತಾರೆಯೇ? ತುಂಬಲು ನೆರವಾಗಬೇಕಾದವರು, ಆ ಫಾರಂ ತೆರೆ ಮೇಲೆ ಹೇಗೆ ಕಾಣಬೇಕೆಂದು ರೂಪಿಸುವವರು, ತಪ್ಪಾಗಿ ತಿರಸ್ಕೃತವಾದದ್ದನ್ನು ಗುರುತಿಸಿ ಎತ್ತಿ ಹೇಳುವವರು ಈ ಸಭೆಯಲ್ಲಿದ್ದೀರಿ.

ಇನ್ನೊಂದು ದಾರಿಯೂ ಇದೆ. ಕೇಂದ್ರದ ಕರಡು ನಿಯಮಗಳು ಪ್ರಕಟವಾದಾಗ ಸಾರ್ವಜನಿಕರು ಅಭಿಪ್ರಾಯ ಬರೆಯಬಹುದು. ರಾಜ್ಯಗಳು ವೇವರ್‌ಗೆ ಮುಖ್ಯ ಬದಲಾವಣೆ ಮಾಡುವ ಮುನ್ನ ಕನಿಷ್ಠ 30 ದಿನ ಜನರ ಮಾತು ಕೇಳಬೇಕು. ಅದಕ್ಕೆ ಪ್ರಜೆಯಾಗಿರಬೇಕೆಂದಿಲ್ಲ, ಮತದಾನದ ಹಕ್ಕು ಬೇಕಿಲ್ಲ. ನೀವು ದಿನವೂ ಕಾಣುವುದನ್ನು ಹತ್ತು ಸಾಲಿನಲ್ಲಿ ಬರೆದರೆ ಸಾಕು. 1977ರಲ್ಲಿ ಒಂದು ಸಹಿಗಾಗಿ ಜನ ವಾರಗಟ್ಟಲೆ ನೆಲದ ಮೇಲೆ ಮಲಗಿದ್ದರು. ನಮ್ಮಿಂದ ಕೇಳುತ್ತಿರುವುದು ಒಂದು ಸಂಜೆಯ ಹೊತ್ತು.

ಮುಂದಿನ ಸುತ್ತೋಲೆ ಬಂದಾಗ ಅದನ್ನು ಓದಿ, ಇದರಿಂದ ಯಾರಿಗೆ ಒಳ್ಳೆಯದು, ಯಾರು ಹೊರಗುಳಿಯುತ್ತಾರೆ ಎಂದು ಒಮ್ಮೆ ಕೇಳಿಕೊಳ್ಳಿ. ಹೊರಗುಳಿಯುವವರ ಹೆಸರು ನಿಮಗೆ ಗೊತ್ತಿದ್ದರೆ, ಮೇಲಿನವರಿಗೆ ತಿಳಿಸಿ.